ಖಾಲಿ ತಿಂಗಳ ಲೆಕ್ಕ

ಬಾಡಿಗೆಗೆ ಕೊಡಲೆಂದೇ ಮನೆ ಕೊಳ್ಳಲು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಲೆಕ್ಕ. ತಿಂಗಳ ಬಾಡಿಗೆಯನ್ನು 12ರಿಂದ ಗುಣಿಸು, ಮನೆಯ ಬೆಲೆಯಿಂದ ಭಾಗಿಸು, ಮುಗೀತು. ಮೊದಲು ನೋಡಿದ ಫ್ಲ್ಯಾಟ್‌ಗೆ ಈ ಲೆಕ್ಕ ಶೇ. 6 ತೋರಿಸಿತು. ಬ್ರೋಕರ್ ಬೇರೆ ಹುರಿದುಂಬಿಸಿದರು: "ಬಾಡಿಗೆ ಬರ್ತಾ ಇರುತ್ತೆ, ಸಾಲ ತೀರ್ತಾ ಇರುತ್ತೆ. ನೀವು ಸುಮ್ನೆ ಕೂತಿರಿ ಸಾರ್." ಮುಂಗಡ ಕೊಡಲು ಮನಸ್ಸು ಮಾಡಿಯೂ ಆಗಿತ್ತು.

ಆ ರಾತ್ರಿ ಯಾಕೋ ನಿದ್ದೆ ಬರಲಿಲ್ಲ. ಒಂದು ಹಾಳೆ ತೆಗೆದುಕೊಂಡು ಕೂತೆ. ಮನೆಯ ಬೆಲೆ 100 ಅಂತ ಇಟ್ಟುಕೊಂಡೆ. ವರ್ಷದ ಬಾಡಿಗೆ 6. ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಅದರಲ್ಲಿ 0.5 ಹೋಯಿತು. ರಿಪೇರಿಗೆ ಅಂತ ವರ್ಷಕ್ಕೆ ಬೆಲೆಯ ಶೇ. 1 ಎತ್ತಿಡಬೇಕು ಅಂತ ಅನುಭವಸ್ಥರು ಹೇಳುತ್ತಾರೆ, ಅದೊಂದು. ಮೇಂಟೆನೆನ್ಸ್, ಮನೆ ತೆರಿಗೆ, ವಿಮೆ ಎಲ್ಲ ಸೇರಿ ಇನ್ನೊಂದು. ಉಳಿದದ್ದು 3.5.

ಇನ್ನು ಸಾಲ. ನನ್ನ ಹತ್ತಿರ ಇದ್ದದ್ದು 40, ಬ್ಯಾಂಕಿನಿಂದ ಬೇಕಾದದ್ದು 60. ಶೇ. 9 ಬಡ್ಡಿ, 20 ವರ್ಷದ ಅವಧಿ ಅಂತ ಹಿಡಿದರೆ ವರ್ಷದ ಕಂತು ಸುಮಾರು 6.5 ಆಗುತ್ತದೆ. ಬರೋದು 3.5, ಹೋಗೋದು 6.5! ಉಳಿದ 3 ನನ್ನ ಸಂಬಳದಿಂದ, ಪ್ರತಿ ವರ್ಷ. ಇನ್ನೊಂದು ವಿಷಯವೂ ಆಗಲೇ ಕಣ್ಣಿಗೆ ಬಿತ್ತು. ಈ ಸಾಲದ ಮೊದಲ ಕಂತಿನಲ್ಲಿ 100ಕ್ಕೆ 83ರಷ್ಟು ಬರೀ ಬಡ್ಡಿ. ಅಸಲು ಕರಗೋದು ಆಮೇಲಿನ ಮಾತು.

ಬೆಲೆ ಏರುತ್ತೆ ಅಲ್ವಾ ಅಂತ ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಏರಬಹುದು. ಆದರೆ ಏರಿದ ಬೆಲೆ ಮನೆ ಮಾರಿದ ದಿನ ಕೈಗೆ ಬರುತ್ತದೆ, ಕಂತು ಪ್ರತಿ ತಿಂಗಳೂ ಬಾಗಿಲಿಗೆ ಬರುತ್ತದೆ.

ಆ ಫ್ಲ್ಯಾಟ್ ಬಿಟ್ಟೆ. ಇನ್ನೂ ಒಂದೂವರೆ ವರ್ಷ ದುಡ್ಡು ಕೂಡಿಸಿ ಚಿಕ್ಕದೊಂದು ಹಳೇ ಫ್ಲ್ಯಾಟ್ ಹುಡುಕಿದೆ. ಎರಡೇ ರೂಮು, ಲಿಫ್ಟ್ ಇಲ್ಲ, ನೋಡಿದವರು ಯಾರೂ ಹೊಗಳಲಿಲ್ಲ. ಆದರೆ ಅದೇ ಹಾಳೆಯ ಲೆಕ್ಕದಲ್ಲಿ ಬಾಡಿಗೆ 8, ಖರ್ಚು ಕಳೆದು ಸುಮಾರು 5.3. ಅರ್ಧ ದುಡ್ಡು ನಾನೇ ಹಾಕಿದೆ, ಅರ್ಧಕ್ಕೆ ಸಾಲ. ಕಂತು 5.4. ಕೈಯಿಂದ ಸೇರಿಸಬೇಕಾದದ್ದು ಅಷ್ಟೇನೂ ಇಲ್ಲ. ಇದರ ಜೊತೆಗೆ ಆರು ತಿಂಗಳ ಕಂತಿನಷ್ಟು ದುಡ್ಡನ್ನು ಬೇರೆ ಖಾತೆಯಲ್ಲಿ ಇಟ್ಟೆ. ಕಾಗದಪತ್ರ ವಕೀಲರಿಗೆ ತೋರಿಸಿದೆ, ರಿಜಿಸ್ಟ್ರೇಷನ್ ಆಯಿತು. ಅಲ್ಲಿಯವರೆಗೂ ನಾನು ಜಾಣ.

ದಡ್ಡತನ ಶುರುವಾದದ್ದು ಕೀ ಕೈಗೆ ಬಂದ ಮೇಲೆ. ಅದೇ ಕಟ್ಟಡದಲ್ಲಿ ಬೇರೆಯವರು ತೆಗೆದುಕೊಳ್ಳುತ್ತಿದ್ದ ಬಾಡಿಗೆಗಿಂತ ಶೇ. 10 ಜಾಸ್ತಿ ಕೇಳಿದೆ. ಹೊಸ ಬಣ್ಣ ಹೊಡೆಸಿದ್ದೇನೆ ಅನ್ನುವ ಗತ್ತು. ಬಂದವರೆಲ್ಲ ನೋಡಿ, "ಹೇಳ್ತೀವಿ" ಅಂತ ಹೋದರು. ಎರಡು ತಿಂಗಳು ಖಾಲಿ. ಮೂರನೇ ತಿಂಗಳು ಒಬ್ಬರು ನಾನು ಕೇಳಿದಷ್ಟೇ ಕೊಡಲು ಒಪ್ಪಿದರು. ಗೆದ್ದೆ ಅಂದುಕೊಂಡೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಶೇ. 10 ಜಾಸ್ತಿ ಅಂದರೆ ವರ್ಷಕ್ಕೆ ಸೇರೋದು 1.2 ತಿಂಗಳ ಬಾಡಿಗೆ. ಕಳೆದುಕೊಂಡದ್ದು 2 ತಿಂಗಳು. ಅದು ವಾಪಸ್ ಬರಲು 20 ತಿಂಗಳು ಬೇಕು, ಅಷ್ಟರೊಳಗೆ ಅವರು ಬಿಟ್ಟು ಹೋಗದಿದ್ದರೆ. ಖಾಲಿ ತಿಂಗಳಿನಷ್ಟು ದುಬಾರಿ ಖರ್ಚು ಈ ವ್ಯವಹಾರದಲ್ಲಿ ನಾನು ಬೇರೆ ಕಂಡಿಲ್ಲ. ಕಷ್ಟ ಏನೆಂದರೆ ಅದಕ್ಕೆ ಬಿಲ್ ಬರುವುದಿಲ್ಲ, ಹಾಗಾಗಿ ಖರ್ಚು ಅಂತ ಅನ್ನಿಸುವುದೂ ಇಲ್ಲ.

ಅವರು ಬಂದು 11 ದಿನ ಆಗಿತ್ತು. ಕೆಳಗಿನ ಮನೆಯವರು ಫೋನ್ ಮಾಡಿದರು: "ನಮ್ಮ ಬಾತ್‌ರೂಮ್ ಸೂರಿಂದ ನೀರು ತೊಟ್ಟಿಕ್ಕುತ್ತಿದೆ, ಸ್ವಲ್ಪ ಬಂದು ನೋಡಿ." ಹೋಗಿ ನೋಡಿದರೆ ಅಂಗೈ ಅಗಲದ ಹಳದಿ ಕಲೆ, ಅದರ ನಡುವೆ ಒಂದು ಹನಿ, ಬೀಳಲೋ ಬೇಡವೋ ಅನ್ನುವ ಹಾಗೆ. ಕಲೆಯ ಅಂಚಲ್ಲಿ ಹಳೆಯ ಕಲೆಯ ಮೇಲೆ ಬಳಿದ ಬಣ್ಣ ಸುಲಿದು ನಿಂತಿತ್ತು. ಅಂದರೆ ಇದು ನಿನ್ನೆ ಮೊನ್ನೆಯದಲ್ಲ. ನಾನು ಕೊಳ್ಳುವ ಮೊದಲು ಕೆಳಗಿನ ಮನೆಯ ಬಾಗಿಲು ತಟ್ಟಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಪ್ಲಂಬರ್ ಮೊದಲು ಮಾಡಿದ್ದು ಇಷ್ಟು. ಮನೆಯ ಎಲ್ಲ ನಲ್ಲಿ ಮುಚ್ಚಿಸಿ ನೀರಿನ ಮೀಟರ್ ಮುಂದೆ ಕುಕ್ಕರುಗಾಲಲ್ಲಿ ಕೂತರು. ಮೀಟರ್ ಅಲುಗಲಿಲ್ಲ. "ನೀರು ಬರೋ ಪೈಪ್ ಸರಿಯಾಗಿದೆ, ಹೋಗೋ ಕಡೆ ನೋಡೋಣ" ಅಂದರು. ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರು ಸುರಿದು ನನ್ನನ್ನು ಕೆಳಗೆ ಓಡಿಸಿದರು. ಹನಿ ಜೋರಾಗಿತ್ತು. ನೀರು ಹೋಗುವ ಜಾಲರಿಯ ಸುತ್ತ ಟೈಲ್ಸ್ ನಡುವಿನ ಸಿಮೆಂಟ್ ಉದುರಿಹೋಗಿತ್ತು. ನಾಲ್ಕು ದಿನ ನೆಲ ಅಗೆದು ಸರಿ ಮಾಡಿದರು. ಆ ನಾಲ್ಕು ದಿನದ ಬಾಡಿಗೆ ನಾನಾಗಿಯೇ ಬಿಟ್ಟುಬಿಟ್ಟೆ. ಬಾಡಿಗೆದಾರರು ಕೇಳಿರಲಿಲ್ಲ. ಬಹುಶಃ ಅದಕ್ಕೇ ಇರಬೇಕು, ಅವರು ಮೂರು ವರ್ಷ ಇದ್ದರು.

ಎರಡನೇ ಸಲ ಬಾಡಿಗೆದಾರರನ್ನು ಹುಡುಕುವಾಗ ಒಬ್ಬ ಹಳೇ ಮನೆ ಮಾಲೀಕರು ಒಂದು ಮಾತು ಹೇಳಿದರು. ಬಾಡಿಗೆಗೆ ಬರುವವರ ಈಗಿನ ಮಾಲೀಕರನ್ನು ವಿಚಾರಿಸಿದರೆ ಸಾಲದು, ಅವರಿಗೆ ಇವರು ಖಾಲಿ ಮಾಡಿದರೆ ಸಾಕಾಗಿರಬಹುದು, ಹೊಗಳಿಯೇ ಕಳಿಸುತ್ತಾರೆ. ಅದಕ್ಕೂ ಹಿಂದಿನ ಮಾಲೀಕರನ್ನು ಕೇಳಬೇಕು. ಅವರು ನಿಜ ಹೇಳುತ್ತಾರೆ. ಹಾಗೇ ಮಾಡಿದೆ. ಕೀ ಕೊಡುವ ದಿನ ಇಬ್ಬರೂ ಸೇರಿ ಗೋಡೆ, ನಲ್ಲಿ, ಕಿಟಕಿ, ಕರೆಂಟ್ ಮೀಟರ್ ಎಲ್ಲದರ ಫೋಟೋ ತೆಗೆದು ಒಬ್ಬರಿಗೊಬ್ಬರು ಕಳಿಸಿಕೊಂಡೆವು. ಬಿಡುವಾಗ ಅಡ್ವಾನ್ಸ್ ವಾಪಸ್ ಕೊಡುವ ಮಾತು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಬಾಡಿಗೆ ಈ ಸಲ ಅಕ್ಕಪಕ್ಕದವರಿಗಿಂತ ಸ್ವಲ್ಪ ಕಮ್ಮಿಯೇ ಹೇಳಿದೆ. ಐದು ದಿನದಲ್ಲಿ ಮನೆ ಹೋಯಿತು.

ಕಳೆದ ತಿಂಗಳು ಇನ್ನೊಂದು ಮನೆ ನೋಡಲು ಹೋಗಿದ್ದೆ. ಲೆಕ್ಕದ ಹಾಳೆಯಲ್ಲಿ ಎಲ್ಲ ಚೆನ್ನಾಗಿತ್ತು. ನಲ್ಲಿಗಳನ್ನೆಲ್ಲ ಮುಚ್ಚಿ ಮೀಟರ್ ಮುಂದೆ ಕೂತೆ. ಮಾರುವವರು ಟೀ ತಂದುಕೊಟ್ಟರು, ಏನು ನೋಡ್ತಿದ್ದೀರಿ ಅಂದರು. ಲೋಟ ಖಾಲಿ ಆಗುವಷ್ಟರಲ್ಲಿ ಸಣ್ಣ ಕೆಂಪು ಮುಳ್ಳು ಅರ್ಧ ಸುತ್ತು ತಿರುಗಿತ್ತು.