ಮಳೆಗಾಲ ಬೆಂಗಳೂರಿಗೆ, ಬೇಸಿಗೆ ಮಲ್ನಾಡಿಗೆ: ಕಡತ ಹುಡುಕೋ ನನ್ನ ತಿರುಗಾಟ

ನಾನು ಕೆಲ್ಸ ಮಾಡ್ತಿರೋದು ಕೆಳದಿ ಅರಸರ ಕಾಲದ ಭೂಕಂದಾಯದ ಮೇಲೆ, ಶಿವಪ್ಪ ನಾಯಕನ ಶಿಸ್ತು ಅಂತಾರಲ್ಲ ಅದೇ. ಇದಕ್ಕೆ ಬೇಕಾದ ಕಾಗದಪತ್ರ ಒಂದು ಕಡೆ ಸಿಗಲ್ಲ ಮಾರಾಯ್ರೆ, ಸಾಗರದ ಹತ್ರ ಕೆಳದಿ ಮ್ಯೂಸಿಯಂ, ಬೆಂಗಳೂರಿನ ರಾಜ್ಯ ಪತ್ರಾಗಾರ, ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಅದೂ ಸಾಲ್ದು ಅಂತ ಹಳೇ ಮನೆಗಳ ಅಟ್ಟ. ಹಾಗಾಗಿ ನಾನು ವರ್ಷದ ಓಡಾಟವನ್ನ ಮಳೆ ಮತ್ತೆ ಅಡಿಕೆ ನೋಡ್ಕೊಂಡೇ ಹಾಕೋದು.

ಆಷಾಢದಲ್ಲಿ ಯಾರ ಮನೆಗಾದ್ರೂ ಹೋಗಿ ಓಲೆಗರಿ ತೋರ್ಸಿ ಅಂದ್ರೆ ಬಿಚ್ಚಲ್ಲ, ಬಿಚ್ಚಲೂಬಾರ್ದು, ಥಂಡಿಗೆ ಬೂಸ್ಟು ಹಿಡಿಯತ್ತೆ. ಕರೆಂಟಂತೂ ಕೇಳೋದೇ ಬೇಡ. ನವರಾತ್ರಿಲಿ ಎಲ್ಲಾ ಶಾರದೆ ಪೂಜೆಗೆ ಇಟ್ಟಿರ್ತಾರೆ, ಅದು ಮುಗೀತು ಅನ್ನೋಷ್ಟ್ರಲ್ಲಿ ಅಡಿಕೆ ಕೊಯ್ಲು, ಸುಲಿಯೋದು ಬೇಯ್ಸೋದು ಒಣಗ್ಸೋದು, ಯಜಮಾನ್ರಿಗೆ ತಲೆ ಕೆರ್ಕೊಳ್ಳೋಕೂ ಪುರ್ಸೊತ್ತಿರಲ್ಲ. ಶಿವರಾತ್ರಿ ಆಸುಪಾಸು ಹೋದ್ರೆ ಜಗಲಿಲಿ ಕೂರ್ಸಿ ಕಾಫಿ ಕೊಟ್ಟು ಅವ್ರೇ ಕಟ್ಟು ಇಳ್ಸಿ ಕೊಡ್ತಾರೆ.

ಆಗ ಬಿಸಿಲೂ ಚೆನ್ನಾಗಿರತ್ತೆ, ಕಡತಕ್ಕೆ ಬಿಸಿಲು ಬೇಕು. ಕಡತ ಅಂದ್ರೆ ಬಟ್ಟೆ ಪುಸ್ತಕ, ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಕಲ್ಸಿ ಬಳಿದು ಕಪ್ಪು ಮಾಡಿ ಮಡಚಿರ್ತಾರೆ, ಅದ್ರ ಮೇಲೆ ಬಳಪದ ಬರಹ. ಬೆರಳು ಉಜ್ಜಿದ್ರೆ ಅಕ್ಷರ ಹೋಯ್ತು. ಕಿಟಕಿ ಪಕ್ಕ ಇಟ್ಟು, ಓರೆಯಾಗಿ ಬೆಳಕು ಬೀಳೋ ಹಾಗೆ ಮಾಡಿ, ಫ್ಲ್ಯಾಶ್ ಇಲ್ದೆ ಮೊಬೈಲಲ್ಲೇ ತೆಗೀತೀನಿ, ಅದೂ ಮನೆಯವ್ರು ಹೂಂ ಅಂದ್ರೆ ಮಾತ್ರ. ಕೆಲವ್ರು ಫೋಟೋ ಬೇಡ ಅಂತಾರೆ, ಆಗ ಪೆನ್ಸಿಲ್ಲಲ್ಲಿ ಕಾಪಿ ಮಾಡೋದೇ ಗತಿ, ಇಡೀ ದಿನ ಹಿಡಿಯತ್ತೆ.

ಜೂನ್ ಬಂತು ಅಂದ್ರೆ ನಾನು ಬೆಂಗಳೂರು. ಸಾಗರದಲ್ಲಿ ರಾತ್ರಿ ತಾಳಗುಪ್ಪ ಟ್ರೈನ್ ಹತ್ತಿದ್ರೆ ಬೆಳಗಿನ ಜಾವ ಇಳೀಬಹುದು, ಅದೇ ಗಾಡಿ ಮುಂದೆ ಮೈಸೂರಿಗೂ ಹೋಗತ್ತೆ. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ, ಅದಕ್ಕೇ ಭಾನುವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಪತ್ರಾಗಾರದ ಬಾಗಿಲು ತೆಗೆಯೋ ಹೊತ್ತಿಗೆ ಹೋಗ್ಬಿಡ್ತೀನಿ. ಕಾಲೇಜಿನ ಲೆಟರು, ಗುರುತಿನ ಚೀಟಿ, ಎರಡರದ್ದೂ ಜೆರಾಕ್ಸ್ ಬ್ಯಾಗಲ್ಲೇ ಇರತ್ತೆ.

ಇನ್ನೊಂದು, ಶಾಸನದ ಕೆಲ್ಸಕ್ಕೆ ಊರೂರು ಅಲೆಯೋ ಮುಂಚೆ ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟ (ಎಪಿಗ್ರಾಫಿಯಾ ಕರ್ನಾಟಿಕಾ) ಮನೇಲೇ ನೋಡಿ, ನೆಟ್ಟಲ್ಲಿ ಫ್ರೀ ಇದೆ. ಶಿವಮೊಗ್ಗ, ಶಿಕಾರಿಪುರ ತಾಲೂಕು 7ನೇ ಸಂಪುಟದಲ್ಲಿ (1902), ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ 8ರಲ್ಲಿ (1904). ಹೊನ್ನಾಳಿ, ಚನ್ನಗಿರಿ ಈಗ ದಾವಣಗೆರೆಗೆ ಹೋಗಿದ್ರೂ ಅಲ್ಲಿ ಶಿವಮೊಗ್ಗದ ಜೊತೆಗೇ, 7ರಲ್ಲೇ ಇವೆ, ದಾವಣಗೆರೆ ಅಂತ ಹುಡುಕ್ತಾ ಕೂರ್ಬೇಡಿ.