ಹೊಂಗೆಯ ಚಿಗುರು ಎಲ್ಲಿಂದ ಬಂತು? ಎಲೆಯ ಅಡುಗೆಯನ್ನು ಮನೆಯಲ್ಲೇ ನೋಡಿ

ಬೆಂಗಳೂರಿನ ಬೀದಿಬದಿಯ ಹೊಂಗೆ ಶಿವರಾತ್ರಿಯ ಆಸುಪಾಸಿನಲ್ಲಿ ಎಲೆ ಉದುರಿಸುತ್ತದೆ. ಯುಗಾದಿ ಬರುವಷ್ಟರಲ್ಲಿ ಅದೇ ಮರ ಎಳೆಹಸಿರು ಹೊದ್ದು ನಿಂತಿರುತ್ತದೆ. ಬುಡದ ಸುತ್ತ ಸಿಮೆಂಟು, ಗೊಬ್ಬರ ಹಾಕಿದವರು ಯಾರೂ ಇಲ್ಲ. ಹಾಗಾದರೆ ಅಷ್ಟೊಂದು ಎಲೆ ಎಲ್ಲಿಂದ ಬಂತು? ಮಣ್ಣಿನ ಸಾರದಿಂದ ಎಂದು ನಾವೆಲ್ಲ ಹೇಳುತ್ತೇವೆ. ಬಹುಮಟ್ಟಿಗೆ ಅದು ತಪ್ಪು. ಹಿಂದಿನ ಎಲೆಗಳು ತಯಾರಿಸಿ, ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟ ಗಂಜಿ, ಅಂದರೆ ಪಠ್ಯಪುಸ್ತಕದ ಪಿಷ್ಟ, ಕರಗಿ ಚಿಗುರಾಗುತ್ತದೆ. ಆ ಗಂಜಿ ಆದದ್ದು ಗಾಳಿ ಮತ್ತು ನೀರಿನಿಂದ.

17ನೇ ಶತಮಾನದಲ್ಲಿ ಬ್ರಸೆಲ್ಸ್‌ನ ವಿಜ್ಞಾನಿ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣು ತೂಗಿ, ಅದರಲ್ಲಿ 5 ಪೌಂಡಿನ ವಿಲ್ಲೋ ಗಿಡ ನೆಟ್ಟು, 5 ವರ್ಷ ಬರೀ ನೀರೆರೆದ. ಮರ 169 ಪೌಂಡ್ ತೂಗಿತು. ಮಣ್ಣಿನಲ್ಲಿ ಕಡಿಮೆಯಾದದ್ದು ಸುಮಾರು 2 ಔನ್ಸ್ ಮಾತ್ರ! ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ. ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ.

ಎಲೆಯ ಅಡಿಭಾಗದಲ್ಲಿ ಹೆಚ್ಚಾಗಿರುವ ಪತ್ರರಂಧ್ರಗಳೆಂಬ ಸಣ್ಣ ತೂತುಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ. ಗಾಳಿಯ 10,000 ಪಾಲಿನಲ್ಲಿ ಅದು ಇರುವುದು 4 ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ನೀರು ಬೇರಿನಿಂದ ಏರುತ್ತದೆ. ಹಸಿರು ಬಣ್ಣದ ಪತ್ರಹರಿತ್ತು ಬಿಸಿಲನ್ನು ಹೀರುತ್ತದೆ, ಆ ಶಕ್ತಿಯಿಂದ ನೀರು ಒಡೆಯುತ್ತದೆ. ನಾವು ಉಸಿರಾಡುವ ಆಮ್ಲಜನಕ ಹೊರಬೀಳುವುದು ಆಗಲೇ, ಅದೂ ನೀರಿನಿಂದ. ಒಡೆದ ನೀರಿನ ಜಲಜನಕವೂ ಬಿಸಿಲಿನ ಶಕ್ತಿಯೂ ಸೇರಿ ಇಂಗಾಲವನ್ನು ಸಕ್ಕರೆಯಾಗಿಸುತ್ತವೆ. ಹಗಲಲ್ಲಿ ಮಿಕ್ಕ ಸಕ್ಕರೆ ಎಲೆಯಲ್ಲೇ ಗಂಜಿಯಾಗಿ ಕೂರುತ್ತದೆ. ರಾತ್ರಿ ಅದು ಕರಗಿ ಗಿಡದ ಉಳಿದ ಭಾಗಗಳಿಗೆ ಹೋಗುತ್ತದೆ. ಗೊಬ್ಬರ ಅಡುಗೆಗೆ ಹಾಕುವ ಉಪ್ಪಿನಂತೆ: ಬೇಕೇ ಬೇಕು, ಆದರೆ ಉಪ್ಪಿನಿಂದ ಹೊಟ್ಟೆ ತುಂಬುವುದಿಲ್ಲ.

ಈ ಗಂಜಿಯನ್ನು ಕಣ್ಣಾರೆ ನೋಡಬಹುದು. ಬೇಕಾದ್ದು ಹಸಿರು-ಬಿಳಿ ಮಚ್ಚೆಯ ಮನಿ ಪ್ಲಾಂಟ್ ಕುಂಡ, ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್, ಗಾಯಕ್ಕೆ ಹಚ್ಚುವ ಅಯೋಡಿನ್. ಅಯೋಡಿನ್‌ಗೆ ನೀರು ಬೆರೆಸಿ ಟೀ ಬಣ್ಣಕ್ಕೆ ತನ್ನಿ. ಒಂದು ಅನ್ನದ ಅಗುಳಿನ ಮೇಲೆ ಹನಿ ಹಾಕಿ. ಅಗುಳು ಕಡುನೀಲಿಯಾದರೆ ಅಯೋಡಿನ್ ಸರಿಯಿದೆ.

ಮೊದಲು ಕುಂಡವನ್ನು 3 ದಿನ ಕತ್ತಲೆ ಕೋಣೆಯಲ್ಲಿಡಿ. ಎಲೆಯಲ್ಲಿರುವ ಹಳೆಯ ಗಂಜಿ ಖಾಲಿಯಾಗಬೇಕು, ಈ ಹಂತವನ್ನು ಬಿಡಲೇಬೇಡಿ. ನಾಲ್ಕನೆಯ ದಿನ ಬೆಳಗ್ಗೆ ಒಂದು ಎಲೆಯ ಹಸಿರು ಭಾಗಕ್ಕೆ ಎರಡೂ ಬದಿಯಿಂದ ಕಪ್ಪು ಕಾಗದದ ಪಟ್ಟಿ ಸಿಕ್ಕಿಸಿ, ಕುಂಡವನ್ನು 6 ಗಂಟೆ ಬೆಳಕಿನಲ್ಲಿಡಿ. ಎಲೆ ಕೀಳುವ ಮುನ್ನ ಮಚ್ಚೆಗಳ ಚಿತ್ರ ಬರೆದುಕೊಳ್ಳಿ.

ಎಲೆಯನ್ನು ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಬಾಡಿಸಿ. ಆಮೇಲೆ ಒಲೆ ಆರಿಸಿ. ಸ್ಪಿರಿಟ್‌ಗೆ ಬೆಂಕಿ ತಗುಲಿದರೆ ದೊಡ್ಡ ಅನಾಹುತ, ಹಾಗಾಗಿ ಬಿಸಿನೀರಿನ ಪಾತ್ರೆಯನ್ನು ತಾರಸಿಗೆ ಒಯ್ದೇ ಮುಂದಿನ ಕೆಲಸ ಮಾಡಿ. ಮಕ್ಕಳ ಜೊತೆ ದೊಡ್ಡವರಿರಲಿ. ಸ್ಟೀಲ್ ಲೋಟದಲ್ಲಿ ಎಲೆ ಮುಳುಗುವಷ್ಟು ಸ್ಪಿರಿಟ್ ಹಾಕಿ, ಲೋಟವನ್ನು ಆ ಬಿಸಿನೀರಿನಲ್ಲಿ ನಿಲ್ಲಿಸಿ. ಸ್ಪಿರಿಟ್ ಹಸಿರಾಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ. ಮನಿ ಪ್ಲಾಂಟ್ ಎಲೆ ದಪ್ಪ, ಅದಕ್ಕೇ ನೀರು ಬದಲಿಸಿ ಇನ್ನೊಮ್ಮೆ ಮಾಡಬೇಕಾಗಬಹುದು. ಗರಿಗರಿಯಾದ ಎಲೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ತಟ್ಟೆಯಲ್ಲಿ ಹರಡಿ ಅಯೋಡಿನ್ ಹಾಕಿ.

ಹಸಿರಿದ್ದ ಜಾಗ ಕಪ್ಪುನೀಲಿಯಾಗುತ್ತದೆ. ಬಿಳಿ ಮಚ್ಚೆ ಬರೀ ಕಂದು. ಕಾಗದದ ಪಟ್ಟಿಯ ಕೆಳಗಿನ ಭಾಗ, ಹಸಿರಿದ್ದರೂ, ಅದೂ ಕಂದು! ಹಸಿರು, ಬೆಳಕು ಎರಡೂ ಬೇಕೆಂಬುದಕ್ಕೆ ಇದಕ್ಕಿಂತ ಚೆನ್ನಾದ ಸಾಕ್ಷಿ ನಾನು ಕಂಡಿಲ್ಲ.

ಮೊದಲ ಸಲ ನನ್ನ ಎಲೆ ಕಪ್ಪಾಗಲೇ ಇಲ್ಲ. ನಮ್ಮದು 30-40ರ ಸೈಟು. ಪಕ್ಕದ ಕಟ್ಟಡಕ್ಕೂ ನಮ್ಮ ಕಿಟಕಿಗೂ ಒಂದು ಮಾರು ಅಂತರ. ಅಲ್ಲಿ ಗಿಡಕ್ಕೆ ಸಿಕ್ಕ ಬೆಳಕು ಸಾಲದು. ತಾರಸಿಯಲ್ಲಿಟ್ಟ ಮೇಲೆ ಸರಿಹೋಯಿತು. ಎತ್ತರದ ಕಟ್ಟಡಗಳ ನಡುವೆ ಬೆಳಕಿನತ್ತ ವಾಲಿಕೊಂಡು ಬೆಳೆಯುವ ಮರಗಳನ್ನು ಅಂದಿನಿಂದ ಬೇರೆಯೇ ಕಣ್ಣಿನಿಂದ ನೋಡುತ್ತೇನೆ.

ಆಮ್ಲಜನಕ ನೋಡುವುದು ಇನ್ನೂ ಸುಲಭ. ಅಕ್ವೇರಿಯಂ ಮೀನಿನ ಅಂಗಡಿಯಲ್ಲಿ ಸಿಗುವ ಹೈಡ್ರಿಲ್ಲಾ ಎಂಬ ನೀರುಗಿಡದ ತುಂಡನ್ನು ಬುಡ ಮೇಲಾಗಿ ನೀರಿನಲ್ಲಿ ಮುಳುಗಿಸಿ, ಚಿಟಿಕೆ ಅಡುಗೆ ಸೋಡ ಹಾಕಿ, ಬಿಸಿಲಿಗಿಡಿ. ಕತ್ತರಿಸಿದ ತುದಿಯಿಂದ ಗುಳ್ಳೆಗಳು ಸಾಲಾಗಿ ಏಳುತ್ತವೆ. ನಿಮಿಷಕ್ಕೆ ಎಷ್ಟೆಂದು ಎಣಿಸಿ, ನೆರಳಿಗೆ ತಂದು ಮತ್ತೆ ಎಣಿಸಿ. 1779ರಲ್ಲಿ ಡಚ್ ವೈದ್ಯ ಯಾನ್ ಇಂಗೆನ್‌ಹೌಸ್ ಕಂಡುಕೊಂಡದ್ದೂ ಇದನ್ನೇ: ಗುಳ್ಳೆ ಏಳುವುದು ಬೆಳಕಿನಲ್ಲಿ ಮಾತ್ರ.

ಅರಳಿಮರ ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂಬ ಮಾತು ವಾಟ್ಸ್‌ಆಪ್‌ನಲ್ಲಿ ಆಗಾಗ ಬರುತ್ತದೆ. ಬೆಳಕಿಲ್ಲದೆ ಅರಳಿಯ ಎಲೆಯಲ್ಲೂ ನೀರು ಒಡೆಯುವುದಿಲ್ಲ. ಕತ್ತಲಾದ ಮೇಲೆ ಅದೂ ನಮ್ಮ ಹಾಗೆ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.