ಪೊಲೀಸ್ ಕೆಲಸವನ್ನು ಓದಬೇಕೆಂದರೆ ಒಂದು ಕರೆಯಿಂದ ಶುರುಮಾಡಿ

ಕಂಟ್ರೋಲ್ ರೂಮಿನಲ್ಲಿ ಹದಿನಾಲ್ಕು ವರ್ಷ ಕರೆ ತೆಗೆದುಕೊಂಡವಳು ನಾನು. ಈಗ ಹೊಸದಾಗಿ ಸೇರುವವರಿಗೆ ಪಾಠ ಹೇಳುತ್ತೇನೆ. ಪೊಲೀಸ್ ವ್ಯವಸ್ಥೆಯನ್ನು ಅಧ್ಯಯನ ಮಾಡುವ ವಿದ್ಯಾರ್ಥಿಗಳೂ ಆಗಾಗ ಬಂದು ಕೂರುತ್ತಾರೆ. ಸಮುದಾಯ ಪೊಲೀಸಿಂಗ್, ವಿವೇಚನಾಧಿಕಾರ, ಉತ್ತರದಾಯಿತ್ವ ಅಂತ ಪದಗಳ ಉದ್ದ ಪಟ್ಟಿ ಅವರ ಕೈಯಲ್ಲಿರುತ್ತದೆ. ಅದನ್ನು ಬದಿಗಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ ಅನ್ನುತ್ತೇನೆ.

ಹಾಳೆಯ ಮೇಲೆ ಮೂರು ಕಾಲಂ ಎಳೆಯಿರಿ. ಕರೆ ಮಾಡಿದವರು ಕೇಳಿದ್ದೇನು, ಸ್ಥಳಕ್ಕೆ ಹೋದವರು ಮಾಡಿದ್ದೇನು, ಕೊನೆಗೆ ದಾಖಲೆಯಲ್ಲಿ ಬರೆದದ್ದೇನು. ಕಂಟ್ರೋಲ್ ರೂಮಿಗೆ ಪ್ರವೇಶ ಸಿಗದಿದ್ದರೆ ಒಂದು ತನಿಖಾ ವರದಿಯನ್ನೋ ಕೋರ್ಟಿನ ತೀರ್ಪನ್ನೋ ಹಿಡಿದು ಇದೇ ಮೂರು ಕಾಲಂ ತುಂಬಿ. ಒಂದು ಪಾಳಿ ಮುಗಿಯುವಷ್ಟರಲ್ಲಿ ನಿಮಗೇ ಕಾಣುತ್ತದೆ: ಕಳ್ಳತನ, ಹಲ್ಲೆಗಿಂತ ಹೆಚ್ಚಾಗಿ ಗಲಾಟೆ, ಅಪಘಾತ, ಮನೆಗೆ ಬಾರದ ಮಗು, ಬಾಗಿಲು ಹಾಕಿಕೊಂಡು ಮಾತೇ ಆಡದ ಮಗ, ಇಂಥವೇ ತುಂಬಿರುತ್ತವೆ. ಬೇರೆ ಯಾರೂ ಎತ್ತಿಕೊಳ್ಳದ ಹೊತ್ತಿನಲ್ಲಿ ಪೊಲೀಸರು ಫೋನ್ ಎತ್ತುತ್ತಾರೆ ಅನ್ನುವುದಕ್ಕೇ ಜನ ಕರೆ ಮಾಡುತ್ತಾರೆ.

ಈಗ ಮೊದಲ ಮತ್ತು ಮೂರನೆಯ ಕಾಲಂ ಪಕ್ಕಪಕ್ಕ ಇಟ್ಟು ನೋಡಿ. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ಒಬ್ಬರು ವಯಸ್ಸಾದ ಹೆಂಗಸು ಪದೇಪದೇ ಕರೆ ಮಾಡುತ್ತಿದ್ದರು. ‘ಬಾಗಿಲ ಹೊರಗೆ ಯಾರೋ ನಿಂತಿದ್ದಾರೆ.’ ಹನ್ನೊಂದು ಸಲ ವಾಹನ ಕಳಿಸಿದೆವು. ಹನ್ನೊಂದು ಸಲವೂ ‘ಪರಿಶೀಲಿಸಲಾಯಿತು, ಯಾರೂ ಇಲ್ಲ’ ಅಂತ ಬರೆದು ಮುಗಿಸಿದೆವು. ಅದರಲ್ಲಿ ಆರು ಸಲ ಟೈಪ್ ಮಾಡಿದ ಕೈ ನನ್ನದು. ಹನ್ನೆರಡನೆಯ ಸಲ ಹೋದ ಕಾನ್‌ಸ್ಟೇಬಲ್ ವಾಪಸ್ ಬರದೆ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರು. ಆ ಅಂತಸ್ತಿನ ದೀಪ ಕೆಟ್ಟಿತ್ತು. ಎದುರು ಮನೆಯ ಹುಡುಗ ರಾತ್ರಿ ಪಾಳಿ ಮುಗಿಸಿ ಬಂದು, ಕತ್ತಲಲ್ಲಿ ಬೀಗದ ಕೈ ತಡಕಾಡುತ್ತಾ ಆ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ.

ಅಮೆರಿಕದ ಕಾನೂನು ಪ್ರಾಧ್ಯಾಪಕ ಹರ್ಮನ್ ಗೋಲ್ಡ್‌ಸ್ಟೀನ್ 1979ರಲ್ಲಿ ಹೇಳಿದ್ದು ಇದನ್ನೇ. ಪೊಲೀಸರು ಘಟನೆಗಳನ್ನು ಒಂದೊಂದಾಗಿ ಮುಗಿಸುತ್ತಾ ಹೋಗುತ್ತಾರೆ, ಅವುಗಳ ಹಿಂದಿರುವ ಸಮಸ್ಯೆ ಹಾಗೇ ಉಳಿಯುತ್ತದೆ ಅಂತ. ಸಮಸ್ಯೆ ಕೇಂದ್ರಿತ ಪೊಲೀಸಿಂಗ್ ಅನ್ನುವ ಹೆಸರು ಬಂದದ್ದು ಅಲ್ಲಿಂದ. ನಿಮ್ಮ ಹಾಳೆಯಲ್ಲಿ ಒಂದೇ ವಿಳಾಸ ಮೂರು ಸಲ ಬಂದರೆ ಸುತ್ತು ಹಾಕಿ. ಸುತ್ತು ಹಾಕಿದ ವಿಳಾಸಗಳ ಬಗ್ಗೆ ನಾಲ್ಕು ಪ್ರಶ್ನೆ: ಮರುಕಳಿಸುತ್ತಿರುವುದು ಏನು, ಯಾಕೆ, ಏನು ಮಾಡಿದರೆ ನಿಲ್ಲಬಹುದು, ಮಾಡಿದ ಮೇಲೆ ನಿಜಕ್ಕೂ ನಿಂತಿತೇ. ನಾಲ್ಕನೆಯದನ್ನು ಕೇಳುವವರು ಬಹಳ ಕಡಿಮೆ.

ಗಸ್ತಿನ ವಿಷಯಕ್ಕೆ ಬಂದಾಗ ಎರಡು ಅಧ್ಯಯನಗಳನ್ನು ಜೊತೆಯಾಗಿ ಓದಿ. 1972–73ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಗಸ್ತಿಗೆಂದು ವಿಂಗಡಿಸಿದ 15 ಬೀಟ್‌ಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಗಸ್ತು ನಿಲ್ಲಿಸಿ, ಕರೆ ಬಂದಾಗ ಮಾತ್ರ ಹೋದರು, ಇನ್ನೊಂದರಲ್ಲಿ ಎಂದಿನಂತೆ, ಮತ್ತೊಂದರಲ್ಲಿ ಎರಡು ಮೂರು ಪಟ್ಟು ಹೆಚ್ಚಿಸಿದರು. ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮೇಲೆ 1989ರಲ್ಲಿ ಅಪರಾಧಶಾಸ್ತ್ರಜ್ಞ ಲಾರೆನ್ಸ್ ಶರ್ಮನ್ ಮತ್ತು ಸಂಗಡಿಗರು ಮಿನಿಯಾಪೊಲಿಸ್‌ನ ಕರೆಗಳನ್ನು ಎಣಿಸಿದಾಗ, ಅರ್ಧದಷ್ಟು ಕರೆಗಳು ಸುಮಾರು 3 ಶೇಕಡಾ ವಿಳಾಸಗಳಿಂದಲೇ ಬರುತ್ತಿದ್ದವು. ಇಂಥ ಕೆಲವೇ ಜಾಗಗಳಲ್ಲಿ ಹೆಚ್ಚು ಸುತ್ತುವ ಹಾಟ್‌ಸ್ಪಾಟ್ ಗಸ್ತಿನ ಯೋಚನೆ ಬಲವಾಗಿದ್ದು ಹೀಗೆ. ಆದರೆ ಒಂದು ಎಚ್ಚರ ಬೇಕು. ಪೊಲೀಸರು ಹೆಚ್ಚು ಹೋಗುವ ಕಡೆ ಹೆಚ್ಚು ಪ್ರಕರಣ ದಾಖಲಾಗುತ್ತವೆ, ಆ ದಾಖಲೆ ನೋಡಿ ಮತ್ತೆ ಅಲ್ಲಿಗೇ ಹೆಚ್ಚು ಪೊಲೀಸರನ್ನು ಕಳಿಸುತ್ತಾರೆ. ಅಪರಾಧ ಎಲ್ಲಿ ನಡೆಯಬಹುದೆಂದು ಮೊದಲೇ ಹೇಳುವ ಸಾಫ್ಟ್‌ವೇರ್‌ಗಳ ಮೇಲಿರುವ ಮುಖ್ಯ ಆಕ್ಷೇಪವೂ ಇದೇ.

ಮುಂದಿನ ಹಂತಕ್ಕೆ ಹೆಚ್ಚು ಸಮಯ ಕೊಡಿ. ವಿವೇಚನಾಧಿಕಾರ. ಉಳಿದ ಬಹುತೇಕ ಕಚೇರಿಗಳಲ್ಲಿ ಮೇಲೆ ಹೋದಷ್ಟೂ ನಿರ್ಧಾರದ ಸ್ವಾತಂತ್ರ್ಯ ಹೆಚ್ಚು. ಪೊಲೀಸ್ ಇಲಾಖೆಯಲ್ಲಿ ಬೀದಿಯಲ್ಲಿ ನಿಂತ ಕೆಳಹಂತದ ಸಿಬ್ಬಂದಿಗೇ ಅದು ಹೆಚ್ಚು. ಯಾರನ್ನು ನಿಲ್ಲಿಸಬೇಕು, ಯಾರಿಗೆ ಎಚ್ಚರಿಕೆ ಕೊಟ್ಟು ಬಿಡಬೇಕು ಅನ್ನುವುದು ಒಂದೆರಡು ನಿಮಿಷದಲ್ಲಿ, ಮೇಲಧಿಕಾರಿಯ ಕಣ್ಣಿಗೆ ಬೀಳದ ಜಾಗದಲ್ಲಿ ತೀರ್ಮಾನವಾಗುತ್ತದೆ.

ಒಂದು ರಾತ್ರಿ ಒಬ್ಬ ಯುವಕ ಕರೆ ಮಾಡಿ, ಪೊಲೀಸರು ರಸ್ತೆಯಲ್ಲಿ ತಡೆದು ನಿಲ್ಲಿಸಿದರು ಅಂದ. ದೂರು ಕೊಡಬೇಕಾ ಅಂತ ಕೇಳಿದೆ. ‘ಬೇಡ ಮೇಡಂ. ಬೈಯಲಿಲ್ಲ, ಹೊಡೆಯಲಿಲ್ಲ. ಈ ತಿಂಗಳಲ್ಲಿ ಇದೇ ರಸ್ತೆಯಲ್ಲಿ ಮೂರನೇ ಸಲ ನಿಲ್ಲಿಸಿದ್ದು. ಯಾಕೆ ಅಂತ ಒಮ್ಮೆಯೂ ಹೇಳಲಿಲ್ಲ. ನಿಮಗೆ ಗೊತ್ತಾ?’ ನನಗೆ ಗೊತ್ತಿರಲಿಲ್ಲ. ದಾಖಲೆಯಲ್ಲಿ ಕಾರಣದ ಖಾನೆ ಖಾಲಿ ಇತ್ತು. ಅವನು ಫೋನಿಟ್ಟ ಮೇಲೂ ಆ ಖಾಲಿ ಖಾನೆಯನ್ನೇ ನೋಡುತ್ತಾ ಕೂತಿದ್ದೆ.

ಟಾಮ್ ಟೈಲರ್ ಅನ್ನುವ ಮನಶ್ಶಾಸ್ತ್ರಜ್ಞರ ಕೆಲಸ ನನಗೆ ನಿಜವಾಗಿ ಅರ್ಥವಾದದ್ದು ಆ ಕರೆಯ ನಂತರ. ತಮಗೆ ಅನುಕೂಲವಾಯಿತೋ ಇಲ್ಲವೋ ಅನ್ನುವುದಕ್ಕಿಂತ ತಮ್ಮನ್ನು ಹೇಗೆ ನಡೆಸಿಕೊಂಡರು ಅನ್ನುವುದರ ಮೇಲೆ ಜನ ಕಾನೂನಿಗೆ ಮನ್ನಣೆ ಕೊಡುತ್ತಾರೆ ಅನ್ನುತ್ತಾರೆ ಅವರು. ಕಾರ್ಯವಿಧಾನದ ನ್ಯಾಯ ಅಂತ ಇದಕ್ಕೆ ಹೆಸರು. ಯಾವುದೇ ತಡೆ-ತಪಾಸಣೆಯ ವಿಡಿಯೊ ಸಿಕ್ಕರೆ ನಾಲ್ಕು ವಿಷಯ ಗುರುತು ಹಾಕಿ. ಆ ವ್ಯಕ್ತಿಗೆ ಮಾತು ಮುಗಿಸಲು ಬಿಟ್ಟರೇ? ಕಾರಣ ಹೇಳಿದರೇ, ಅದು ಎಲ್ಲರಿಗೂ ಒಂದೇ ರೀತಿ ಅನ್ವಯಿಸುವಂಥದ್ದೇ? ಗೌರವದಿಂದ ಮಾತಾಡಿದರೇ? ಇವರು ನನ್ನ ಒಳಿತನ್ನೂ ಯೋಚಿಸುತ್ತಿದ್ದಾರೆ ಅನ್ನಿಸುವಂತೆ ಇತ್ತೇ? ಸದ್ದು ಆರಿಸಿ ಒಮ್ಮೆ, ಸದ್ದಿನೊಂದಿಗೆ ಒಮ್ಮೆ ನೋಡಿ. ಕೈ ಎಲ್ಲಿದೆ, ಎಷ್ಟು ಹತ್ತಿರ ನಿಂತಿದ್ದಾರೆ ಅನ್ನುವುದು ಸದ್ದಿಲ್ಲದಾಗ ಹೆಚ್ಚು ಸ್ಪಷ್ಟ.

ಜನರ ಸಮ್ಮತಿಯಿಂದ ಪೊಲೀಸಿಂಗ್ ಅನ್ನುವ ಮಾತಿನ ಜೊತೆ ರಾಬರ್ಟ್ ಪೀಲ್ ಹೆಸರಿನ ಒಂಬತ್ತು ತತ್ವಗಳನ್ನು ಎಲ್ಲರೂ ಉದಾಹರಿಸುತ್ತಾರೆ. 1829ರಲ್ಲಿ ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸ್ ಪಡೆಯನ್ನು ಕಟ್ಟಿದವರು ಪೀಲ್ ಹೌದು. ಆ ತತ್ವಗಳನ್ನು ಅವರೇ ಬರೆದರು ಅನ್ನುವುದಕ್ಕೆ ದಾಖಲೆ ಸಿಕ್ಕಿಲ್ಲ. ನಿಮ್ಮ ಪ್ರಬಂಧದಲ್ಲಿ ಹಾಗೆ ಬರೆಯಬೇಡಿ.

ಅಂಕಿಅಂಶ ಓದುವಾಗ, ಆ ಸಂಖ್ಯೆ ಏರಲು ಇನ್ಯಾವ ಕಾರಣವಿರಬಹುದು ಅಂತ ಪ್ರತಿ ಸಲ ಕೇಳಿ. ಕೌಟುಂಬಿಕ ದೌರ್ಜನ್ಯದ ದೂರು ಹೆಚ್ಚಾದರೆ ಹಿಂಸೆ ಹೆಚ್ಚಿರಬಹುದು. ಮೊದಲು ಬಾಯಿ ಬಿಡದವರು ಈಗ ನಂಬಿ ಬರುತ್ತಿರಬಹುದು. ಬರೀ ಎಣಿಕೆಯನ್ನೇ ಗುರಿ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್ ನೋಡಿ. 2011ರಲ್ಲಿ ಅಲ್ಲಿ ಬೀದಿಯಲ್ಲಿ ತಡೆದು ನಿಲ್ಲಿಸಿದ ಪ್ರಕರಣಗಳು 6,85,000ಕ್ಕೂ ಹೆಚ್ಚು. ಹತ್ತರಲ್ಲಿ ಸುಮಾರು ಒಂಬತ್ತರಲ್ಲಿ ಬಂಧನವೂ ಇಲ್ಲ, ಸಮನ್ಸೂ ಇಲ್ಲ. ನಿಲ್ಲಿಸಲ್ಪಟ್ಟವರಲ್ಲಿ ಬಹುಪಾಲು ಕಪ್ಪುವರ್ಣೀಯರು ಮತ್ತು ಲ್ಯಾಟಿನೊ ಸಮುದಾಯದವರು. ಆ ಪದ್ಧತಿ ನಡೆದ ರೀತಿ ಸಂವಿಧಾನಬಾಹಿರ ಎಂದು 2013ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಅಲ್ಲಿನ ಹಾಳೆಯಲ್ಲಿ ಕಾರಣದ ಖಾನೆಗೆ ಗುರುತು ಹಾಕಿರುತ್ತಿದ್ದರು. ಖಾನೆ ತುಂಬಿದ ಮಾತ್ರಕ್ಕೆ ಕಾರಣ ಇತ್ತು ಅಂತ ನಂಬಬೇಡಿ.

ಪೊಲೀಸರು ಸಮವಸ್ತ್ರಕ್ಕೆ ಸಿಕ್ಕಿಸಿಕೊಳ್ಳುವ ಬಾಡಿ ಕ್ಯಾಮೆರಾದ ಬಗ್ಗೆ ಚಿಕ್ಕದಾಗಿ: ವಾಷಿಂಗ್ಟನ್ ಡಿ.ಸಿ.ಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸಿಬ್ಬಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಬಂತು. ಬಲಪ್ರಯೋಗದಲ್ಲೂ ದೂರುಗಳಲ್ಲೂ ಗಮನಾರ್ಹ ಬದಲಾವಣೆ ಇರಲಿಲ್ಲ. ಕ್ಯಾಮೆರಾ ಸಾಕ್ಷ್ಯಕ್ಕೆ ಬೇಕು, ನಾನೂ ಅದರ ಪರ. ಆದರೆ ದೃಶ್ಯವನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಡುತ್ತಾರೆ, ದೂರುದಾರರಿಗೆ ತೋರಿಸುತ್ತಾರೆಯೇ ಅಂತ ಕೇಳದೆ ಮುಂದೆ ಹೋಗಬೇಡಿ.

ಕೊನೆಗೆ, ಹಾಳೆಯ ನಡುವಿನ ಕಾಲಂಗೆ ವಾಪಸ್ ಬನ್ನಿ. ಪ್ರತಿ ಸಾಲಿನ ಪಕ್ಕ ‘ಇಲ್ಲಿಗೆ ಹೋಗಬೇಕಿದ್ದುದು ಪೊಲೀಸರೇ?’ ಅಂತ ಬರೆಯಿರಿ. ಮಾನಸಿಕ ಸಂಕಟದ ಕರೆಗಳಿಗೆ ಅಮೆರಿಕದ ಯೂಜೀನ್ ನಗರದಲ್ಲಿ 1989ರಿಂದ ವೈದ್ಯಕೀಯ ಸಿಬ್ಬಂದಿ ಮತ್ತು ಆಪ್ತಸಲಹೆಗಾರರ ತಂಡ ಹೋಗಲು ಶುರುಮಾಡಿತು. ಮೆಂಫಿಸ್‌ನಲ್ಲಿ 1988ರಲ್ಲಿ ಪೊಲೀಸರಿಗೇ ಅದಕ್ಕೆ ವಿಶೇಷ ತರಬೇತಿ ಕೊಟ್ಟರು. ಎರಡು ದಾರಿಗಳನ್ನೂ ನಿಮ್ಮ ಹಾಳೆಯ ಒಂದೊಂದು ಕರೆಗೆ ಹಚ್ಚಿ ನೋಡಿ.

ಆ ಹೆಂಗಸಿನ ಮೆಟ್ಟಿಲಿಗೆ ಹೊಸ ದೀಪ ಬಂತು. ಎದುರು ಮನೆಯ ಹುಡುಗನನ್ನು ಕಾನ್‌ಸ್ಟೇಬಲ್ಲೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿದರು. ಎರಡು ವಾರದ ನಂತರ ಆ ಹೆಂಗಸು ಮತ್ತೆ ಕರೆ ಮಾಡಿದಾಗ ನಾನೇ ತೆಗೆದುಕೊಂಡೆ. ಆ ಪೊಲೀಸಪ್ಪನ ಹೆಸರು ಕೇಳುವುದು ಮರೆತೆ, ಸ್ವಲ್ಪ ಹೇಳಮ್ಮಾ ಅಂದರು.